ಎಡಕ್ಕೆ ಎಳೆಯುವ ಬಂದೂಕು

ಶಿರವಾಡ, ಕಾರವಾರ
6 ನವೆಂಬರ್ 2024

ಶ್ರೀ ದುರ್ಗಪ್ಪ ಅವರಿಗೆ ನಮಸ್ಕಾರ.

ನಿಮಗೆ ನನ್ನ ಗುರುತು ಸಿಗಲಿಕ್ಕಿಲ್ಲ. ನಾನು ಶಾಂತಾರಾಮ ಅವರ ಮಗಳು ರಕ್ಷಿತಾ. ನಾವು ಬೇಲೆಕೇರಿ ಬಿಡುವಾಗ ನನಗೆ ನಾಲ್ಕು ವರ್ಷ. ಅಪ್ಪ ತೀರಿಕೊಂಡು ಎರಡು ವರ್ಷವಾಯಿತು. ಆಯಿ ಈಗ ನನ್ನ ಮತ್ತು ನನ್ನ ಗಂಡ ವಿಕಾಸನ ಜೊತೆ ಶಿರವಾಡದಲ್ಲಿದ್ದಾಳೆ. ನಿಮ್ಮ ಫೋನ್ ನಂಬರು ಯಾರಲ್ಲೂ ಸಿಗಲಿಲ್ಲ. ಬೇಲೆಕೇರಿಯ ದುರ್ಗಪ್ಪ ಎಂದು ಬರೆದು ಹಾಕಿದರೆ ಪೋಸ್ಟ್‌ಮನ್ ಮುಟ್ಟಿಸುತ್ತಾನೆ ಎಂದು ಕಾರವಾರದ ಬಂದೂಕಿನ ಅಂಗಡಿಯ ಮುದುಕರು ಹೇಳಿದ್ದಕ್ಕೆ ಈ ಪತ್ರ.

ವಿಷಯವೂ ಬಂದೂಕಿನದೇ. ಕಳೆದ ತಿಂಗಳು ಹಾಡಹಗಲಲ್ಲಿ ಒಬ್ಬ ನಮ್ಮ ಹಿಂಬಾಗಿಲಿನಿಂದ ನುಗ್ಗಿ, ಅಡುಗೆಮನೆಯಲ್ಲಿದ್ದ ಆಯಿಯ ಬಾಯಿ ಒತ್ತಿ ಹಿಡಿದು, ಕೈಯ ಬಳೆ ಎಳೆದುಕೊಂಡು ಹೋದ. ಎಳೆದ ರಭಸಕ್ಕೆ ಅವಳ ಮಣಿಕಟ್ಟು ಮುರಿಯಿತು. ನಮ್ಮದು ಹೊಸ ಬಡಾವಣೆಯ ಕಡೆಯ ಮನೆ, ಹಿಂದೆ ಗುಡ್ಡ. ಪೊಲೀಸರು ಬಂದರು, ಬರೆದುಕೊಂಡರು, ಚಹಾ ಕುಡಿದು ಹೋದರು. ಅಂದಿನಿಂದ ನಾನು ಸಹಕಾರಿ ಸಂಘದ ಆಫೀಸಿನಲ್ಲಿ ಕೂತಿದ್ದರೂ ಜೀವವೆಲ್ಲ ಮನೆಯ ಹಿಂಬಾಗಿಲಲ್ಲೇ ಇರುತ್ತದೆ. ಊಟ ರುಚಿಸುವುದಿಲ್ಲ. ಯಾರಾದರೂ ಹಿಂದಿನಿಂದ ಬಂದು ಮಾತಾಡಿಸಿದರೆ ಬೆಚ್ಚಿ ಬೀಳುತ್ತೇನೆ.

ಹಾಗಾಗಿ ಆತ್ಮರಕ್ಷಣೆಗೆ ಬಂದೂಕಿನ ಪರವಾನಗಿ ಬೇಕೆಂದು ಅರ್ಜಿ ಹಾಕಿದ್ದೇನೆ. ಅಪ್ಪನ ಜೋಡಿ ನಳಿಗೆಯ ಬಂದೂಕು ಅಂಗಡಿಯಲ್ಲಿ ಠೇವಣಿ ಇದೆ, ಅದನ್ನೇ ನನ್ನ ಹೆಸರಿಗೆ ಮಾಡಿಸಿಕೊಳ್ಳಬಹುದು. ಹಳೆಯದನ್ನು ಮಾರಿ ಹೊಸ ಪಂಪ್ ಗನ್ ತೆಗೆದುಕೊಳ್ಳೋಣ ಎಂದು ವಿಕಾಸನ ವಾದ. ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ಅವನು ಈಗ ಅರ್ಧ ಸುಬೇದಾರನಾಗಿದ್ದಾನೆ. ನನಗೆ ಹಗುರವಾದ ಒಂಟಿ ನಳಿಗೆಯದು ಸಾಕು ಅನಿಸುತ್ತದೆ. ಅಂಗಡಿಯ ಮುದುಕರನ್ನು ಕೇಳಿದರೆ, "ನನ್ನ ಕೇಳ್ಬೇಡ, ನಾ ಮಾರೋನು. ನಿಮ್ಮಪ್ಪನ ಬಂದೂಕು ಆರಿಸಿದ್ದು ನಿಮ್ಮಪ್ಪ ಅಲ್ಲ, ಜೊತೆಗೆ ಬಂದಿದ್ದ ದುರ್ಗಪ್ಪ. ಅಂವನಷ್ಟು ಸಮಾ ನೋಡಿ ತಕಂಡೋದ ಗಿರಾಕಿ ಮತ್ತೆ ಈ ಅಂಗಡಿಗೆ ಬರ್ಲಿಲ್ಲ" ಅಂದರು.

ಆದ್ದರಿಂದ ನಿಮ್ಮನ್ನೇ ಕೇಳುತ್ತಿದ್ದೇನೆ. ಅಪ್ಪನದನ್ನು ಇಟ್ಟುಕೊಳ್ಳಲೇ, ಹೊಸದು ಕೊಳ್ಳಲೇ? ಆಯಿಗೆ ಬಂದೂಕು ಮನೆಗೆ ಬರುವುದೇ ಬೇಡವಂತೆ. ಮುರಿದದ್ದು ಅವಳ ಕೈ, ಹೆದರಬೇಕಾದವಳೂ ಅವಳು, ಆದರೂ ಹಟ. ಬೇಲೆಕೇರಿಯ ಮನೆಗೆ ನುಗ್ಗಿದ ಕಳ್ಳನನ್ನು ಅಪ್ಪ ಇದೇ ಬಂದೂಕಿನಿಂದ ಹೊಡೆದು ಓಡಿಸಿದ ಕಥೆ ಕೇಳಿಯೇ ನಾನು ಬೆಳೆದವಳು. ಅದನ್ನು ನೆನಪಿಸಿದರೆ ಆಯಿ ಮುಖ ತಿರುಗಿಸಿಕೊಳ್ಳುತ್ತಾಳೆ.

ಬೇಗ ಬರೆದರೆ ಉಪಕಾರವಾಗುತ್ತದೆ.

ರಕ್ಷಿತಾ


ಬೇಲೆಕೇರಿ
21 ನವೆಂಬರ್ 2024

ಶಾಂತಾರಾಮನ ಮಗಳಿಗೆ,

ಪೋಸ್ಟ್‌ಮನ್ ನಿನ್ನ ಪತ್ರವನ್ನು ನನ್ನ ಕೈಗೆ ಕೊಡದೆ ನನ್ನ ಹೆಂಡತಿ ಕಾಶಿಯ ಕೈಗೆ ಕೊಟ್ಟ. ಈ ವಯಸ್ಸಿನಲ್ಲಿ ನನಗೆ ಹೆಂಗಸಿನ ಅಕ್ಷರದ ಪತ್ರ ಬಂದರೆ ಮನೆಯಲ್ಲಿ ಏನೇನು ಆಗಬೇಕೋ ಎಲ್ಲ ಆಯಿತು. ನಾನು ಓದಿ ಹೇಳಿದ ಮೇಲೆ ಬೈಯುವುದು ಬಿಟ್ಟು ಒಳಗೆ ಹೋದಳು. ಆಮೇಲೆ ಬಂದು, "ಬರಿ. ಚೆನ್ನಾಗಿ ಬರಿ" ಅಂದಳು.

ಫೋನು ಬೇಡ. ನನ್ನ ಕಿವಿ ಮಂದ. ಸ್ಪೀಕರ್ ಹಾಕಿದರೆ ಮಾತ್ರ ನನಗೆ ಕೇಳುತ್ತದೆ, ಆಗ ಕೇರಿಗೆಲ್ಲ ಕೇಳುತ್ತದೆ. ಇದು ಕೇರಿಗೆ ಕೇಳಿಸುವ ಮಾತಲ್ಲ. ಏಳನೇ ಇಯತ್ತೆಯವರೆಗೆ ಓದಿದ್ದು ಈಗಲಾದರೂ ಉಪಯೋಗಕ್ಕೆ ಬರಲಿ.

ಶಾಂತಾರಾಮ ಹೋದದ್ದು ನನಗೆ ಗೊತ್ತಿರಲಿಲ್ಲ. ಎರಡು ವರ್ಷ ಅವನು ಬದುಕಿದ್ದಾನೆ ಎಂದುಕೊಂಡೇ ಅವನ ಮೇಲೆ ಸಿಟ್ಟು ಮಾಡಿಕೊಂಡಿದ್ದೆ. ಇನ್ನು ಆ ಸಿಟ್ಟನ್ನು ಎಲ್ಲಿ ಇಡಬೇಕು ತಿಳಿಯುತ್ತಿಲ್ಲ. ಏನಾಗಿತ್ತು ಅವನಿಗೆ? ನರಳಿದನೇ?

ಬಂದೂಕು ಆರಿಸಿದ್ದು ನಾನೇ, ಸುಳ್ಳಲ್ಲ. ಚಿಕ್ಕವನಿದ್ದಾಗ ಕಾಳಿ ನದಿಗೆ ಬಾತುಕೋಳಿ ಹೊಡೆಯಲು ಬರುತ್ತಿದ್ದ ದೊಡ್ಡ ಮನುಷ್ಯರ ದೋಣಿ ನಡೆಸುತ್ತಿದ್ದೆ. ಅವರ ಬಂದೂಕು ಒರೆಸಿ ಒರೆಸಿ ಅಷ್ಟಿಷ್ಟು ಗೊತ್ತಾಗಿತ್ತು. ನಾವು ಬಂದೂಕು ಕೊಂಡ ವರ್ಷ ಅಂಕೋಲೆಯ ಸುತ್ತ ಮನೆ ದರೋಡೆಯ ಸುದ್ದಿಯೇ ಸುದ್ದಿ. ನಿಮ್ಮಪ್ಪ ಬಹಳ ಹೆದರಿದ್ದ. ಅಂಗಡಿಯವನು ನಾಲ್ಕು ಬಂದೂಕು ತಂದಿಟ್ಟರೆ ಇವನು ಹೊಳೆಯುತ್ತಿದ್ದುದಕ್ಕೆ ಕೈ ಹಾಕಿದ. ಹೆಣ್ಣು ನೋಡಲು ಹೋದಲ್ಲಿ ಚಹಾ ಬರುವ ಮೊದಲೇ ಒಪ್ಪಿಬಿಡುವ ಜಾತಿ. ನಾನು ನಳಿಗೆ ಬಿಚ್ಚಿ ಬೆಳಕಿಗೆ ಹಿಡಿದು ಒಳಗೆ ತುಕ್ಕಿದೆಯೇ ನೋಡಿದೆ, ಹಿಡಿಕೆ ಅವನ ಭುಜಕ್ಕೆ ಕೂರುತ್ತದೆಯೇ ನೋಡಿದೆ, ಗುಂಡು ಹಾರಿಸುವ ಕುದುರೆ ಎಳೆದು ಸದ್ದು ಕೇಳಿದೆ. ಒಂದು ಗುಂಡು ತಪ್ಪಿದರೆ ಇನ್ನೊಂದಿರಲಿ ಎಂದು ಜೋಡಿ ನಳಿಗೆಯನ್ನೇ ಆರಿಸಿದೆ.

ಆ ಬಂದೂಕಿಗೆ ಒಂದು ದೋಷವಿದೆ. ಎಡಕ್ಕೆ ಎಳೆಯುತ್ತದೆ.

ಯಾವುದು ಕೊಳ್ಳಬೇಕು ಎಂದು ಹೇಳುವ ಮೊದಲು ನನಗೆ ಕೆಲವು ವಿಷಯ ಗೊತ್ತಾಗಬೇಕು. ನಿಮ್ಮ ಮನೆಯ ಹಿಂಬಾಗಿಲು ಎಲ್ಲಿಗೆ ತೆರೆಯುತ್ತದೆ? ಯಾರು ಎಲ್ಲಿ ಮಲಗುತ್ತೀರಿ? ಮುಖ್ಯವಾಗಿ, ಕೂಗದೆ ಕರೆಯದೆ ನಿಮ್ಮ ಹಿಂಬಾಗಿಲಿಗೆ ಬರುವವರು ಯಾರು ಯಾರು? ಇದನ್ನು ಬರೆ, ಆಮೇಲೆ ಬಂದೂಕಿನ ಮಾತು.

ನಿನ್ನ ತಾಯಿ ಹೀರಕ್ಕನ ಕೈ ಕೂಡಿತೇ? ಅವಳನ್ನು ಕೇಳಿದೆ ಎಂದು ಹೇಳು. ಹೇಳದಿದ್ದರೂ ನಡೆಯುತ್ತದೆ.

ದುರ್ಗಪ್ಪ


ಶಿರವಾಡ
3 ಡಿಸೆಂಬರ್ 2024

ದುರ್ಗಪ್ಪ ಕಾಕಾ,

ಹೀಗೆ ಕರೆಯಬಹುದಲ್ಲ? ಅಪ್ಪನಿಗೆ ಬಂದೂಕು ಆರಿಸಿಕೊಟ್ಟವರು ಪರಕೀಯರಾಗಲು ಸಾಧ್ಯವಿಲ್ಲ.

ಅಪ್ಪ ನರಳಲಿಲ್ಲ. ಬಿಣಗಾದ ಕಾರ್ಖಾನೆಯ ಕೆಲಸದಿಂದ ನಿವೃತ್ತಿಯಾಗಿ ಒಂದು ವರ್ಷ ಮನೆಯಲ್ಲಿದ್ದ. ಒಂದು ಬೆಳಿಗ್ಗೆ ಹಲ್ಲುಜ್ಜಲು ಬಚ್ಚಲಿಗೆ ಹೋದವನು ಅಲ್ಲೇ ಕುಸಿದ.

ನೀವು ಜನಗಣತಿಯವರ ಹಾಗೆ ಕೇಳಿದ್ದಕ್ಕೆ ಉತ್ತರ ಇಲ್ಲಿದೆ. ಹಿಂಬಾಗಿಲು ಅಡುಗೆಮನೆಯಿಂದ ಬಾವಿಯ ಕಡೆಗೆ ತೆರೆಯುತ್ತದೆ. ಅಡುಗೆಮನೆಗೆ ತಾಗಿದ ಕೋಣೆಯಲ್ಲಿ ಆಯಿ, ಮುಂದಿನದರಲ್ಲಿ ನಾವು. ಹಿಂದಿನಿಂದ ಬರುವವರು ಬಹಳ. ವಿಕಾಸನಿಗೆ ಬಂದರಿನಲ್ಲಿ ಪಾಳಿ ಕೆಲಸ. ರಾತ್ರಿ ಪಾಳಿ ಇದ್ದರೆ ನಮ್ಮ ನಿದ್ದೆ ಕೆಡಬಾರದೆಂದು ಬೆಳಿಗ್ಗೆ ಹಿಂದಿನಿಂದಲೇ ಬರುತ್ತಾನೆ. ಪಾತ್ರೆ ತೊಳೆಯುವ ಮಾದಿ ಹಿಂದಿನಿಂದ ಬರುತ್ತಾಳೆ. ನನ್ನ ತಮ್ಮ ಭರತನಿಗೆ ಗೇಟು ಇದೆ ಎಂಬುದೇ ಗೊತ್ತಿಲ್ಲ, ಕಂಪೌಂಡು ಹಾರಿ ಬಂದು ನೇರವಾಗಿ ಅನ್ನದ ಪಾತ್ರೆಯ ಮುಚ್ಚಳ ತೆಗೆಯುತ್ತಾನೆ. ನಮ್ಮವರೆಲ್ಲ ಹಿಂದಿನಿಂದಲೇ. ಮುಂದಿನ ಬಾಗಿಲಿಗೆ ಬರುವುದು ಕೊರಿಯರ್‌ನವರು ಮತ್ತು ಮತ ಕೇಳುವವರು. ಇದಕ್ಕೂ ಬಂದೂಕು ಆರಿಸುವುದಕ್ಕೂ ಏನು ಸಂಬಂಧವೋ ನನಗಂತೂ ಹೊಳೆಯಲಿಲ್ಲ.

ನೀವು ಹೇಳಿದ ದೋಷವನ್ನು ಅಂಗಡಿಯಲ್ಲಿ ಹೇಳಿದೆ. ಮುದುಕರು ಬಂದೂಕನ್ನು ಹೊರಗೆ ತಂದು, ಸ್ಟ್ಯಾಂಡಿಗೆ ಕಟ್ಟಿ, ಒಂದು ಕಣ್ಣು ಮುಚ್ಚಿ ನೋಡಿ, "ಸೂಜಿ ಹಂಗೆ ನೆಟ್ಟಗಿದೆ" ಅಂದರು. ಎಡಕ್ಕೆ ಎಳೆಯುತ್ತದೆ ಎಂದು ನಿಮಗೆ ಹೇಗೆ ಗೊತ್ತು?

ಆಯಿಗೆ ನಿಮ್ಮ ಹೆಸರು ಹೇಳಿದೆ. ಅವಳು ತೆಂಗಿನಕಾಯಿ ತುರಿಯಲಾಗದೆ ಒಂದೇ ಕೈಯಲ್ಲಿ ಒದ್ದಾಡುತ್ತಿದ್ದಳು. ತುರಿಯುವುದನ್ನು ಬಿಟ್ಟು, "ಅಂವ ಇದ್ದಾನಾ?" ಎಂದು ಕೇಳಿದಳು. ಇದ್ದಾರೆ, ನಿನ್ನನ್ನು ಕೇಳಿದ್ದಾರೆ ಅಂದೆ. "ನಡೀತಾನಾ?" ಎಂದಳು. ಇದೆಂಥ ಪ್ರಶ್ನೆ? ಕೇಳಿದರೆ ಎದ್ದು ಬಾವಿಯ ಕಡೆ ಹೋದಳು. ಆ ದಿನ ಊಟವನ್ನೂ ಮಾಡಲಿಲ್ಲ.

ಪೊಲೀಸ್ ವಿಚಾರಣೆ ಮುಗಿಯಿತು, ಪರವಾನಗಿ ಸಿಗುವ ಹಾಗಿದೆ. ಈ ಸಲ ಸುತ್ತಿ ಬಳಸದೆ ಬರೆಯಿರಿ ಕಾಕಾ.

ರಕ್ಷಿತಾ


ಬೇಲೆಕೇರಿ
22 ಡಿಸೆಂಬರ್ 2024

ಮಗಾ ರಕ್ಷಿತಾ,

ಅಂಗಡಿಯವನು ಹೇಳಿದ್ದು ಸುಳ್ಳಲ್ಲ. ಸ್ಟ್ಯಾಂಡಿಗೆ ಕಟ್ಟಿದರೆ ಅದು ನೆಟ್ಟಗೇ ಇರುತ್ತದೆ. ಹೆದರಿದವನ ಕೈಯಲ್ಲಿ ಎಡಕ್ಕೆ ಎಳೆಯುತ್ತದೆ. ಎಳೆಯದಿದ್ದರೆ ಈ ಪತ್ರ ಬರೆಯಲು ನಾನಿರುತ್ತಿರಲಿಲ್ಲ. ನಿಮ್ಮ ಮನೆಯ ಕಥೆಯಲ್ಲಿ ಬರುವ ಕಳ್ಳ ನಾನೇ.

ಈ ಮಾತನ್ನು ಬರೆಯಬೇಕೋ ಬೇಡವೋ ಎಂದು ಇಷ್ಟು ದಿನ ಹಿಡಿಯಿತು. ಸತ್ತವನ ಹೆಸರಿಗೆ ಅವನ ಮಗಳ ಮುಂದೆ ಮಸಿ ಬಳಿದ ಹಾಗೆ ಆಗಬಾರದು. ಆದರೆ ಆ ಕಥೆಯನ್ನು ನಂಬಿಕೊಂಡು ನೀನು ಬಂದೂಕು ಕೊಳ್ಳುತ್ತಿದ್ದೀ. ಹೇಳದಿದ್ದರೆ ಅದೂ ತಪ್ಪಾಗುತ್ತದೆ.

ಆಗ ನಮ್ಮಲ್ಲಿ ರಂಪಣಿ ಜೋರಾಗಿತ್ತು. ಇಡೀ ಕೇರಿ ಸೇರಿ ಎಳೆಯುವ ದೊಡ್ಡ ಬಲೆ ಅದು. ದೋಣಿಯಲ್ಲಿ ಹೋಗಿ ಮೀನಿನ ಹಿಂಡನ್ನು ಸುತ್ತುವರಿದು ಬಲೆ ಬಿಟ್ಟು, ಎರಡೂ ತುದಿಯ ಹಗ್ಗವನ್ನು ದಂಡೆಗೆ ತಂದು, ಐವತ್ತು ಅರವತ್ತು ಜನ ನಿಂತು ಎಳೆಯಬೇಕು. ಹಗ್ಗಕ್ಕೆ ಕೈ ಹಚ್ಚಿದವರಿಗೆಲ್ಲ ಮೀನಿನಲ್ಲಿ ಪಾಲು. ನಿಮ್ಮಪ್ಪ ಗದ್ದೆಯವನು, ಆದರೂ ಮೀಸೆ ಮೂಡುವ ಮೊದಲಿನಿಂದ ನನ್ನ ಹಿಂದೆ ನಿಂತು ಎಳೆಯುತ್ತಿದ್ದ. ಮೀನು ಬಂದದ್ದು ಕಂಡರೆ ಯಾರೂ ಕೂಗುವುದಿಲ್ಲ. ಕೂಗಿದರೆ ಆಚೆ ಕೇರಿಯ ರಂಪಣಿಯವರಿಗೆ ಕೇಳಿ ಅವರು ಮೊದಲು ಬಲೆ ಬಿಡುತ್ತಾರೆ. ಅದಕ್ಕೆ ಒಬ್ಬೊಬ್ಬರು ಒಂದೊಂದು ಮನೆಗೆ ಸದ್ದಿಲ್ಲದೆ ಹೋಗಿ ಹಿಂದಿನ ಕಿಟಕಿಗೆ ಬೆರಳಲ್ಲಿ ತಟ್ಟಿ ಎಬ್ಬಿಸಬೇಕು. ನಿಮ್ಮ ಮನೆಯವರನ್ನು ಎಬ್ಬಿಸುವ ಕೆಲಸ ಯಾವಾಗಲೂ ನನ್ನದು.

ಬಂದೂಕು ಕೊಂಡು ಹೆಚ್ಚು ದಿನವಾಗಿರಲಿಲ್ಲ. ಬೆಳಕು ಹರಿಯುವ ಹೊತ್ತಿಗೆ ಬಂಗಡೆಯ ಹಿಂಡು ದಂಡೆಯ ಹತ್ತಿರಕ್ಕೇ ಬಂತು, ನೀರು ಕಪ್ಪಗೆ ಕಾಣುವಷ್ಟು. ನಾನು ಓಡಿ ಬಂದೆ. ಕಳ್ಳರ ಹೆದರಿಕೆಗೆ ಶಾಂತಾರಾಮ ಕಿಟಕಿಗೆ ಹಲಗೆ ಹೊಡೆಸಿದ್ದ. ತಟ್ಟಿದ್ದು ಕೇಳಲಿಲ್ಲವೇನೋ ಎಂದು ಹಿಂಬಾಗಿಲಿನ ಸಂದಿಯಲ್ಲಿ ಬೆರಳು ತೂರಿಸಿ ಚಿಲಕ ತೆಗೆದೆ. ಹಾಗೆ ತೆಗೆಯಲು ಬರುತ್ತದೆ ಎಂದು ಗೊತ್ತಿದ್ದದ್ದು ಮನೆಯವರಿಗೆ ಬಿಟ್ಟರೆ ನನಗೆ ಮಾತ್ರ. ಬಾಗಿಲು ತೆರೆಯಿತು, ಗುಂಡು ಹಾರಿತು. ಬಲ ತೊಡೆ, ಸೊಂಟ ಎಲ್ಲ ಬೆಂಕಿ ಬಿದ್ದ ಹಾಗಾಯಿತು. "ನಾನಾ, ದುರ್ಗಪ್ಪ" ಎಂದು ಇದ್ದಬದ್ದ ಶಕ್ತಿಯೆಲ್ಲ ಹಾಕಿ ಕೂಗಿದೆ. ಎರಡನೇ ನಳಿಗೆ ತುಂಬಿಯೇ ಇತ್ತು. ಇನ್ನೊಂದಿರಲಿ ಎಂದು ಆರಿಸಿಕೊಟ್ಟವನು ನಾನೇ ಅಲ್ಲವೇ.

ಹೀರಕ್ಕ ಸೀರೆ ಹರಿದು ಕಟ್ಟಿದಳು. ನೀನು ಅಜ್ಜಿಮನೆಗೆ ಹೋಗಿದ್ದೆ, ಪುಣ್ಯ. ನಿಮ್ಮಪ್ಪ ನನ್ನನ್ನು ಬೆನ್ನಮೇಲೆ ಹೊತ್ತು ನಮ್ಮ ಮನೆಗೆ ಓಡಿದ. ದಾರಿಯುದ್ದಕ್ಕೂ ಅವನು ಅಳುವುದು, ನಾನು ಬೈಯುವುದು. ಇವನ ಅಳು ಕೇಳಿಯೇ ಊರು ಏಳುತ್ತದೆ ಎಂದು ನನಗೆ ಹೆದರಿಕೆ. ಪೊಲೀಸರಿಗೆ ತಿಳಿದರೆ ಅವನು ಜೈಲಿಗೆ ಹೋಗಬೇಕು. "ಕಳ್ಳ ಬಂದಿದ್ದ, ಹೊಡ್ದೆ, ಓಡಿಹೋದ ಅಂತ ಹೇಳಾ" ಎಂದು ಅವನ ಬೆನ್ನಮೇಲೆ ಕೂತೇ ಹೇಳಿಕೊಟ್ಟೆ. ನಿಮ್ಮ ಮನೆಯ ಕಳ್ಳನನ್ನು ಹುಟ್ಟಿಸಿದವನೂ ಹೀಗೆ ನಾನೇ. ದುರ್ಗಪ್ಪ ಚಿಪ್ಪಿನ ಬಂಡೆಯ ಮೇಲೆ ಬಿದ್ದ ಎಂದು ಕಾಶಿ ಕೇರಿಗೆ ಹೇಳಿದಳು. ಗುರುತಿನ ವೈದ್ಯರೊಬ್ಬರು ಕೈಗೆ ಸಿಕ್ಕಷ್ಟು ಸೀಸ ತೆಗೆದರು. ಉಳಿದದ್ದು ಒಳಗೇ ಇದೆ. ಹೀರಕ್ಕನಿಗೆ ಹೇಳು, ನಡೆಯುತ್ತೇನೆ. ಸ್ವಲ್ಪ ಕುಂಟು, ಅಷ್ಟೇ.

ಗುಂಡಿನ ಸಿಟ್ಟು ನನಗೆ ಒಂದು ದಿನವೂ ಇರಲಿಲ್ಲ. ಅವನು ಆಮೇಲೆ ನನ್ನನ್ನು ನೋಡಲು ಬರಲಿಲ್ಲ, ಆ ಸಿಟ್ಟು. ಹಾಸಿಗೆಯಲ್ಲಿ ಬಿದ್ದುಕೊಂಡು ಇವತ್ತು ಬಂದಾನು, ನಾಳೆ ಬಂದಾನು ಎಂದು ಕಾದೆ. ಕೋಲಿಲ್ಲದೆ ಓಡಾಡುವ ಹೊತ್ತಿಗೆ ನೀವು ಊರು ಬಿಟ್ಟಿದ್ದಿರಿ. ಗದ್ದೆಯನ್ನು ಯಾರಿಗೋ ಗೇಣಿಗೆ ಕೊಟ್ಟು ಹೋದ ಎಂದು ಜನ ಹೇಳಿದರು. ಒಂದು ಸಲ ಬಂದು ನನ್ನ ಪಕ್ಕ ಸುಮ್ಮನೆ ಕೂತು ಹೋಗಿದ್ದರೆ ಸಾಕಿತ್ತು.

ನೀನು ಬಂದೂಕು ಕೊಳ್ಳಬೇಡ ಎಂದು ನಾನು ಹೇಳುವುದಿಲ್ಲ. ಹೀರಕ್ಕನ ಕೈ ಮುರಿದದ್ದು ನಿಜ, ನಿನ್ನ ಹೆದರಿಕೆಯೂ ನಿಜ. ಅದನ್ನು ಸಣ್ಣದು ಎನ್ನಲು ನಾನು ಯಾರು? ನನಗೆ ಗೊತ್ತಿರುವುದು ಇಷ್ಟೇ. ನಿಮ್ಮಪ್ಪನಷ್ಟು ಸಾಧು ಮನುಷ್ಯನನ್ನು ನಾನು ಕಂಡಿಲ್ಲ, ಚೇಳು ಕಂಡರೂ ಮೊರದಲ್ಲಿ ಹಿಡಿದು ಹೊರಗೆ ಬಿಡುತ್ತಿದ್ದ. ಅವನ ಕೈಯಲ್ಲೂ ಅದು ಹಾರಿತು. ನಿನ್ನ ಹಿಂಬಾಗಿಲಿಗೆ ಬರುವವರ ಹೆಸರು ನೀನೇ ಬರೆದು ಕಳಿಸಿದ್ದೀ. ಅದನ್ನು ಇನ್ನೊಂದು ಸಲ ಓದಿಕೋ.

ದುರ್ಗಪ್ಪ


ಶಿರವಾಡ
2 ಫೆಬ್ರವರಿ 2025

ದುರ್ಗಪ್ಪ ಕಾಕಾ,

ಇಷ್ಟು ದಿನ ಬರೆಯದಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿ. ಮೊದಲು ನಿಮ್ಮ ಮೇಲೆ ಸಿಟ್ಟು ಬಂತು. ಅಪ್ಪನ ಒಂದೇ ಒಂದು ಶೌರ್ಯದ ಕಥೆ ಇತ್ತು ನನ್ನ ಹತ್ತಿರ, ಅದನ್ನೂ ಕಸಿದುಕೊಂಡಿರಿ ಅನಿಸಿತು. ಪತ್ರವನ್ನು ಅಕ್ಕಿಡಬ್ಬದ ಹಿಂದೆ ಇಟ್ಟು ಒಂದು ವಾರ ಮುಟ್ಟಲಿಲ್ಲ. ಆಮೇಲೆ ಆಯಿಯ ಮುಂದೆ ಕೂತು ಗಟ್ಟಿಯಾಗಿ ಓದಿದೆ.

ಅವಳು ಕೊನೆಯವರೆಗೂ ಕೇಳಿದಳು. "ನಾವು ಬೇಲೆಕೇರಿ ಬಿಟ್ಟದ್ದು ಅವರಿಗೆ ಕೆಲಸ ಸಿಕ್ತು ಅಂತ ಅಲ್ಲ" ಅಂದಳು. "ದುರ್ಗಪ್ಪ ಕೋಲು ಹಿಡ್ಕಂಡು ದಂಡೆಗೆ ನಡೂದು ದೂರದಿಂದ ಕಂಡ್ರು. ಮನೆಗೆ ಬಂದು ಉಣ್ಲಿಲ್ಲ. ಹೋಗಿ ಮಾತಾಡಿ ಅಂದೆ. ಎಂತ ಮಾತಾಡ್ಲೇ, ಅಂವ ನನ್ನ ಬೈಯೂದೂ ಇಲ್ಲ ಅಂದ್ರು. ಬೈದಿದ್ರೆ ಹೋಗ್ತಿದ್ರೇನ." ನೀವು ಬೈಯುವವರೆಗೆ ಅಪ್ಪ ಕಾದ, ಅಪ್ಪ ಬರುವವರೆಗೆ ನೀವು ಕಾದಿರಿ. ನಿಮ್ಮಿಬ್ಬರಿಗೂ ಬೈಯಬೇಕೆಂದು ನನಗೆ ಈಗ ಅನಿಸುತ್ತಿದೆ.

ಇನ್ನೊಂದು ವಿಷಯ ನಿಮಗೆ ತಿಳಿಯಬೇಕು. ಬಂದೂಕು ಅಪ್ಪನ ಬೀಗ ಹಾಕಿದ ಪೆಟ್ಟಿಗೆಯಲ್ಲಿತ್ತು, ಅಂಗಡಿಯಲ್ಲಿ ಇಟ್ಟದ್ದು ಅವನು ತೀರಿಕೊಂಡ ಮೇಲೆ ಎಂದು ನಾನು ತಿಳಿದಿದ್ದೆ. ಹಾಗಲ್ಲವಂತೆ. ಬೇಲೆಕೇರಿ ಬಿಟ್ಟ ದಿನವೇ ಅದನ್ನು ನೇರವಾಗಿ ಅಂಗಡಿಗೆ ಒಪ್ಪಿಸಿದ್ದಾನೆ. ಆಮೇಲೆ ನಮ್ಮ ಮನೆಗೆ ಅದು ಒಂದು ದಿನವೂ ಬಂದಿಲ್ಲ. ಪರವಾನಗಿ ಮಾತ್ರ ತಪ್ಪದೆ ನವೀಕರಿಸುತ್ತಿದ್ದ. ಮಾರಿಬಿಡು, ಒಳ್ಳೆಯ ಗಿರಾಕಿ ಇದ್ದಾನೆ ಎಂದು ಅಂಗಡಿಯ ಮುದುಕರು ಎಷ್ಟೋ ಸಲ ಹೇಳಿದರಂತೆ. ಅಪ್ಪ ಕೊಟ್ಟ ಉತ್ತರ ಅವರಿಗೆ ಇನ್ನೂ ನೆನಪಿದೆ: "ಇದ್ನ ಬೇರೆಯವ್ರ ಮನೆಗೆ ಕಳಿಸಿ ನಾ ನಿದ್ದೆ ಮಾಡೂದು ಹೆಂಗೆ?"

ನನ್ನ ವಿಷಯ ಬರೆದು ಮುಗಿಸುತ್ತೇನೆ. ಪರವಾನಗಿ ಮಂಜೂರಾಗಿದೆ. ವಿಕಾಸ ಪಂಪ್ ಗನ್ನಿನ ಚಿತ್ರ ದಿನಾ ತೋರಿಸುತ್ತಾನೆ. ನಾನು ಅವನಿಗೆ ನಿಮ್ಮ ಪತ್ರ ಓದಲು ಕೊಟ್ಟೆ. ಓದಿ, "ಅದು ಆಗಿನ ಕಾಲ, ಈಗಿನ ಬಂದೂಕಿಗೆ ಲಾಕ್ ಇರುತ್ತದೆ" ಅಂದ. ಅದರ ಮರುದಿನವೇ ರಾತ್ರಿ ಪಾಳಿ ಮುಗಿಸಿ ಎಂದಿನಂತೆ ಹಿಂದಿನಿಂದ ಬಂದ. ಚಿಲಕದ ಸದ್ದಿಗೆ ನಾನು ಎದ್ದು ಒನಕೆ ಎತ್ತಿ ಹಿಡಿದು ಬಾಗಿಲ ಹಿಂದೆ ನಿಂತಿದ್ದೆ. ಅವನೇ ಇರಬೇಕು ಎಂದು ತಲೆಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ಅವನು ನನ್ನ ಮುಖ ನೋಡಿ ಊಟದ ಡಬ್ಬಿ ಬೀಳಿಸಿದ. ಅಂದಿನಿಂದ ಚಿತ್ರ ತೋರಿಸುವುದು ಕಡಿಮೆಯಾಗಿದೆ.

ಆದರೂ ಹೆದರಿಕೆ ಹೋಗಿಲ್ಲ ಕಾಕಾ. ಬಂದೂಕು ಬೇಡವೆಂದರೆ ಆಯಿಯನ್ನು ಬರಿಗೈಯಲ್ಲಿ ಬಿಟ್ಟು ಆಫೀಸಿಗೆ ಹೋದ ಹಾಗೆ. ಬೇಕೆಂದರೆ ನೀವು ಕಣ್ಣ ಮುಂದೆ ಬರುತ್ತೀರಿ. ತೀರ್ಮಾನ ಮಾಡಲು ನನ್ನಿಂದ ಆಗುತ್ತಿಲ್ಲ.

ನಿಮ್ಮ
ರಕ್ಷಿತಾ


ಬೇಲೆಕೇರಿ
11 ಫೆಬ್ರವರಿ 2025

ಮಗಾ,

ಬಂದೂಕು ನಿಮ್ಮ ಮನೆಗೆ ಬರಲೇ ಇಲ್ಲ ಎಂದು ಬರೆದಿದ್ದೀಯಲ್ಲ, ಆ ಸಾಲನ್ನು ಕಾಶಿಯಿಂದ ಮತ್ತೆ ಓದಿಸಿದೆ. ನನ್ನ ಕಣ್ಣಿನ ಮೇಲೆ ನನಗೆ ನಂಬಿಕೆ ಬರಲಿಲ್ಲ. ಅವನು ನನ್ನನ್ನು ಮರೆತ, ಹೊಸ ಊರಲ್ಲಿ ಆರಾಮಾಗಿದ್ದಾನೆ ಎಂದು ತಿಳಿದು ಅವನ ಹೆಸರು ತೆಗೆದವರ ಹತ್ತಿರವೆಲ್ಲ ಜಗಳ ಮಾಡಿದ್ದೇನೆ. ಅವನು ಅಲ್ಲಿ ಈ ಬಂದೂಕು ಯಾರ ಕೈಗೂ ಹೋಗದ ಹಾಗೆ ಕಾಯುತ್ತ ಕೂತಿದ್ದ. ನಾನು ಹೋಗಿ ಎರಡು ಮಾತು ಬೈದು ಬರಬೇಕಿತ್ತು. ನನಗೆ ಬಹಳ ದುಃಖವಾಗಿದೆ, ಬರೆಯಲು ಬರುತ್ತಿಲ್ಲ.

ನಿನ್ನ ತೀರ್ಮಾನಕ್ಕೆ ನಾನು ತಲೆ ಹಾಕುವುದಿಲ್ಲ. ಹೀರಕ್ಕನನ್ನು ನೋಡಬೇಕು ಅನಿಸಿದೆ. ಶಿವರಾತ್ರಿ ಕಳೆದ ಮೇಲಿನ ಭಾನುವಾರ ಕಾಶಿಯನ್ನು ಕರೆದುಕೊಂಡು ಬರುತ್ತೇನೆ. ಮೀನು ತರುತ್ತೇನೆ, ನೀವು ತಂದಿಡಬೇಡಿ. ಕಾರವಾರ ಪೇಟೆಯ ಐಸು ಹಾಕಿದ ಮೀನು ನನಗೆ ಸೇರುವುದಿಲ್ಲ.

ದುರ್ಗಪ್ಪ


ಶಿರವಾಡ
10 ಮಾರ್ಚ್ 2025

ಕಾಕಾ,

ನೀವು ಬಂದು ಹೋದ ದಿನ ಮನೆಯ ಒಳಗೆ ಏನಾಯಿತು ಎಂಬುದು ನಿಮಗೆ ಗೊತ್ತಿಲ್ಲ. ಅದನ್ನು ಹೇಳಲೆಂದೇ ಈ ಪತ್ರ.

ನಾನು ಮತ್ತು ಆಯಿ ಅಡುಗೆಮನೆಯಲ್ಲಿದ್ದೆವು. ನಡುಮಧ್ಯಾಹ್ನ. ದೂರದ ತಿರುವಿನಿಂದಲೇ ಯಾರೋ ಕೂಗುವುದು ಕೇಳಿತು. "ನಾನು ದುರ್ಗಪ್ಪ, ಬೇಲೆಕೇರಿ ದುರ್ಗಪ್ಪ ಬತ್ತಿದ್ದೇನೆ." ಕಿಟಕಿಯಿಂದ ನೋಡಿದರೆ ನೀವು ಗೇಟಿಗೂ ಬಂದಿಲ್ಲ. ಎರಡೂ ಕೈ ಮೇಲೆತ್ತಿದ್ದೀರಿ, ಒಂದು ಕೈಯಲ್ಲಿ ಮೀನಿನ ಚೀಲ ತೂಗುತ್ತಿದೆ. ಕುಂಟುತ್ತ ನಾಲ್ಕು ಹೆಜ್ಜೆ ನಡೆಯುವುದು, ನಿಂತು ಕೂಗುವುದು. ಅಕ್ಕಪಕ್ಕದವರು ಹೊರಗೆ ಬಂದು ನೋಡುತ್ತಿದ್ದರು. ಕಾಶಿ ಕಾಕಿ ಹಿಂದಿನಿಂದ, "ಸಾಕು ಮಾರಾಯ್ರೆ, ಇಡೀ ಶಿರವಾಡಕ್ಕೆ ಗೊತ್ತಾಯ್ತು" ಎನ್ನುತ್ತಿದ್ದರು. ನನಗೆ ನಗು ಬಂತು. ಕಿವಿ ಮಂದವಾದವರು ಜೋರಾಗಿ ಮಾತಾಡುತ್ತಾರಲ್ಲ, ಹಾಗೆ ಎಂದುಕೊಂಡೆ.

ಆಯಿ ನಗಲಿಲ್ಲ. ಕೈಯಲ್ಲಿದ್ದ ಸೌಟು ಇಟ್ಟು ಬರಿಗಾಲಲ್ಲಿ ಗೇಟಿಗೆ ಓಡಿದಳು. ಅವಳು ನಿಮ್ಮ ಎತ್ತಿದ ಕೈ ಹಿಡಿದು ಕೆಳಗಿಳಿಸಿದ್ದನ್ನು ನಾನು ನೋಡಿದೆ. ನೀವಿಬ್ಬರೂ ಏನು ಮಾತಾಡಿದಿರೋ ಕೇಳಲಿಲ್ಲ, ಕೇಳಬೇಕೆಂದೂ ಇಲ್ಲ.

ಆಮೇಲೆ ಕಾಶಿ ಕಾಕಿ ಮೀನು ಕೊಯ್ಯುತ್ತ ಕೂತಾಗ ಕೇಳಿದೆ, ಕಾಕಾ ಯಾಕೆ ಹಾಗೆ ಕೈಯೆತ್ತಿ ಕೂಗುತ್ತ ಬಂದರು ಎಂದು. ಅವರು ತಲೆ ಎತ್ತಲಿಲ್ಲ. "ಎಲ್ಲಿ ಹೋದ್ರೂ ಹಂಗೇ. ಸ್ವಂತ ಮಗಳ ಮನೆಗೆ ಹೋದ್ರೂ ಹಂಗೇ. ಅಳಿಯ ಮೊದಮೊದಲು ನಗ್ತಿದ್ದ. ಈಗ ಅಂವನೇ ತಿರುವಿನ ತನಕ ಬಂದು ಕರ್ಕಂಡು ಹೋಗ್ತಾನೆ" ಅಂದರು. ಇಪ್ಪತ್ತಾರು ವರ್ಷದಿಂದ.

ನೀವು ನನಗೆ ನಳಿಗೆ ಬರೆದಿರಿ, ಸೀಸ ಬರೆದಿರಿ, ಕುಂಟು ಬರೆದಿರಿ. ಇದನ್ನು ಬರೆಯಲಿಲ್ಲ. ಮೈಯೊಳಗಿನ ಗುಂಡಿನ ವಿಷಯ ಓದಿಯೂ ನನಗೆ ತೀರ್ಮಾನ ಮಾಡಲಾಗಿರಲಿಲ್ಲ. ಮೀನು ಹಿಡಿದುಕೊಂಡು ಊಟಕ್ಕೆ ಬಂದ ಮನುಷ್ಯ ಹಗಲು ಬೆಳಕಿನಲ್ಲಿ ಕೈ ಮೇಲೆತ್ತಿ ನನ್ನ ಮನೆಗೆ ನಡೆದು ಬಂದದ್ದನ್ನು ನೋಡಿದ ಮೇಲೆ ಆಯಿತು. ನನ್ನ ಮನೆಗೆ ಯಾರೂ ಹಾಗೆ ಬರುವುದು ಬೇಡ.

ಮರುದಿನ ಸೋಮವಾರ ರಜೆ ಹಾಕಿ ಪರವಾನಗಿಯ ಕಚೇರಿಗೆ ಹೋದೆ. ನನ್ನ ಪರವಾನಗಿ ಬೇಡವೆಂದು ಬರೆದುಕೊಟ್ಟೆ. ಅಪ್ಪನ ಬಂದೂಕನ್ನು ಮಾರಲಿಲ್ಲ, ಸರ್ಕಾರಕ್ಕೆ ಒಪ್ಪಿಸಿದೆ. ಒಡೆದು ಹಾಕುತ್ತಾರಂತೆ. ಅಂಗಡಿಯ ಮುದುಕರು, ಇಷ್ಟು ಒಳ್ಳೆಯ ಮಾಲು ಎಂದು ಗೊಣಗುತ್ತಲೇ ಕೊನೆಯ ಸಲ ಒರೆಸಿ ಕೊಟ್ಟರು. ಹಿಂದೆ ಕಬ್ಬಿಣದ ಜಾಲರಿ ಬಾಗಿಲು ಕೂರಿಸಿದ್ದೇವೆ, ಬಾವಿಯ ಹತ್ತಿರ ದೀಪ ಹಾಕಿಸಿದ್ದೇವೆ. ಭರತ ಎಲ್ಲಿಂದಲೋ ಒಂದು ನಾಯಿ ತಂದಿದ್ದಾನೆ, ಅದು ಸದ್ಯಕ್ಕೆ ಅವನನ್ನು ಮಾತ್ರ ಕಚ್ಚುತ್ತದೆ. ಹೆದರಿಕೆ ಇನ್ನೂ ಇದೆ. ನಾನು ಆಫೀಸಿಗೆ ಹೋದಾಗ ಪಕ್ಕದ ಮನೆಯವರು ಬಂದು ಆಯಿಯ ಜೊತೆ ಕೂರುತ್ತಾರೆ.

ಕಾಕಾ, ನಿಮ್ಮಲ್ಲಿ ಒಂದು ಕೇಳಿಕೆ. ನಮ್ಮವರೆಲ್ಲ ಹಿಂಬಾಗಿಲಿನಿಂದ ಬರುತ್ತಾರೆ ಎಂದು ಬರೆದಿದ್ದೆನಲ್ಲ. ಮುಂದಿನ ಸಲ ನೀವೂ ಹಿಂದಿನಿಂದ ಬನ್ನಿ. ಕೂಗಬೇಡಿ. ಕೈ ಎತ್ತಬೇಡಿ.

ನಿಮ್ಮ ಮಗಳು
ರಕ್ಷಿತಾ


ಬೇಲೆಕೇರಿ
19 ಮಾರ್ಚ್ 2025

ಮಗಾ ರಕ್ಷಿತಾ,

ನೀನು ಹೇಳಿದ್ದನ್ನು ಇಲ್ಲೇ ಮಾಡಿ ನೋಡೋಣ ಎಂದು ನಿನ್ನೆ ದಂಡೆಯಿಂದ ಬರುವಾಗ ನಮ್ಮ ಮನೆಯ ಹಿಂದಕ್ಕೆ ಹೋದೆ. ಕಾಶಿ ಒಳಗೆ ಸಾರಿಗೆ ಮಸಾಲೆ ಅರೆಯುತ್ತಿದ್ದಳು. ಬಾಯಿ ಗಟ್ಟಿಯಾಗಿ ಮುಚ್ಚಿಕೊಂಡೆ. ಕೈ ಕೆಳಗೆ ಬಿಟ್ಟೆ. ತೆಂಗಿನ ಮರದ ತನಕ ಬಂದೆ, ತುಳಸಿಕಟ್ಟೆಯ ತನಕ ಬಂದೆ. ಮೆಟ್ಟಿಲ ಹತ್ತಿರ ಕಾಲು ನಿಂತುಬಿಟ್ಟಿತು. ನನ್ನ ಸ್ವಂತ ಮನೆ, ನಾನೇ ಕಟ್ಟಿಸಿದ ಮೆಟ್ಟಿಲು. ಬೆವರಿ ಒದ್ದೆಯಾದೆ, ಹೆಜ್ಜೆ ಏಳಲಿಲ್ಲ. ಕೊನೆಗೆ ಕೂಗಿದೆ.

ಹಾಗಾಗಿ ನಿನ್ನ ಮಾತು ನಡೆಸಿಕೊಡಲು ನನ್ನಿಂದ ಆಗುವ ಹಾಗೆ ಕಾಣುವುದಿಲ್ಲ. ಹಿಂಬಾಗಿಲಿಗೇ ಬರುತ್ತೇನೆ, ಆದರೆ ಕೂಗಿಕೊಂಡೇ ಬರುತ್ತೇನೆ. ನಾನು ಕೂಗಿದಾಗ ನೀನು ಎದ್ದು ಬರಬೇಡ, ಕಿಟಕಿಯಿಂದ ನೋಡಬೇಡ. ಒಲೆಯ ಮುಂದೆ ಇದ್ದಲ್ಲಿಂದಲೇ "ಬನ್ನಿ ಕಾಕಾ" ಅನ್ನು. ಸ್ವಲ್ಪ ಗಟ್ಟಿಯಾಗಿ ಅನ್ನಬೇಕು, ನನಗೆ ಕಿವಿ ಕೇಳುವುದಿಲ್ಲ.

ದುರ್ಗಪ್ಪ